ಚಿಲ್ಲರೆ

ಖಾಶುರಿಯಿಂದ ತ್ಬಿಲಿಸಿಗೆ ಹೋಗುವ ವ್ಯಾನಿನಲ್ಲಿ
ಹದಿನೆಂಟು ಸೀಟು, ಇಪ್ಪತ್ತೊಂದು ಜನ,
ರಟ್ಟಿನ ಪೆಟ್ಟಿಗೆಯಲ್ಲಿ ಎರಡು ಕೋಳಿ,
ಮತ್ತೆ ನನ್ನ ಉದ್ದನೆಯ ಕಾಲು.
ಕಾಲಿನ ಮಾತು ಆಮೇಲೆ.

ಕಾಸ್ಪಿ ದಾಟಿದ ಮೇಲೆ ನಾಯಿಯೊಂದು ಅಡ್ಡ ಬಂತು.
ಜುರಾಬ್ ಬ್ರೇಕು ತುಳಿದ. ನಾಯಿ ಉಳಿಯಿತು.
ಉಳಿಯದ್ದು ಲಾಮಾರಾ ಅಜ್ಜಿಯ ಜಾಡಿ.
ಚೀಲದಿಂದ ಉರುಳಿ, ಸೀಟಿನ ಕಬ್ಬಿಣಕ್ಕೆ ಬಡಿದು,
ಹಸಿ ಪ್ಲಮ್ಮು, ಬೆಳ್ಳುಳ್ಳಿ, ಪುದೀನ ಹಾಕಿ
ಬೆಳಗಿನ ಜಾವದಿಂದ ಕುದಿಸಿದ ಗೊಜ್ಜು
ಪಕ್ಕದ ಹುಡುಗನ ಮಂಡಿಯಿಂದ ಬೂಟಿನ ತುದಿಯವರೆಗೆ
ಹಸಿರಾಗಿ ಇಳಿಯಿತು.

‘ಪ್ಯಾಂಟು ನಂದಲ್ಲ, ಭಾವಂದು!’
ಹುಡುಗ ಎದ್ದು ನಿಂತ, ತಲೆ ಸೂರಿಗೆ ತಾಗಿತು, ಕೂತ.
ದೊಡ್ಡ ಹೋಟೆಲಿನಲ್ಲಿ ಬಾಗಿಲು ತೆರೆಯುವ ಕೆಲಸವಂತೆ,
ಇವತ್ತೇ ಮೊದಲ ದಿನವಂತೆ.
‘ಒಡೆದದ್ದು ನನ್ನ ಜಾಡಿ, ನಿನ್ನ ಮಂಡಿಯಲ್ಲ.
ಬ್ರೇಕು ಹಾಕಿದವನನ್ನು ಕೇಳು.’
‘ನಾಯಿಯನ್ನು ಕೇಳಿ,’ ಎಂದ ಜುರಾಬ್, ಕನ್ನಡಿಯೊಳಗಿಂದ.
ಕೋಳಿಯವಳು ನಾಯಿಯ ಪರ.
ಹಿಂದಿನ ಸೀಟಿನವನೊಬ್ಬ, ನಿದ್ದೆಗಣ್ಣಲ್ಲೇ,
ಮುಚ್ಚಳ ಸಡಿಲವಿತ್ತೇನೋ ಅಂದ.
ಅಷ್ಟು ಸಾಕಾಯಿತು.
‘ನಲವತ್ತು ವರ್ಷದಿಂದ ಮುಚ್ಚಳ ಹಾಕುತ್ತಿದ್ದೇನೆ!’
ಎಂದಳು ಅಜ್ಜಿ. ಆಕೆಯ ದನಿ ಅಲ್ಲಿಂದಾಚೆಗೆ
ಇಳಿಯಲೇ ಇಲ್ಲ.

ಗುಡ್ಡದ ಮೇಲೆ ಆ ಹಳೆಯ ಇಗರ್ಜಿ ಕಂಡಿತು.
ಜಗಳ ಹಾಗೇ ಬಾಯಲ್ಲಿ ನಿಂತಿತು.
ಇಪ್ಪತ್ತೊಂದು ಕೈ ಎದ್ದವು,
ಹಣೆ, ಹೊಟ್ಟೆ, ಬಲ ಭುಜ, ಎಡ ಭುಜ,
ಮೂರು ಸಲ. ಜುರಾಬ್ ಕೂಡ
ಸ್ಟಿಯರಿಂಗ್ ಬಿಟ್ಟು.
ಹುಡುಗನ ಬೆರಳಲ್ಲಿ ಗೊಜ್ಜಿತ್ತು.
ಹಣೆಗೊಂದು ಹಸಿರು ಬೊಟ್ಟು ಬಿತ್ತು.
ಎರಡನೆಯ ಸಲಕ್ಕೆ ಅದು ದೊಡ್ಡದಾಯಿತು.
ಯಾರೂ ಹೇಳಲಿಲ್ಲ. ಇಗರ್ಜಿ ಹಿಂದಾಯಿತು.
‘ಮುಚ್ಚಳ ಸಡಿಲವೇ?’ ಎಂದು ಅಜ್ಜಿ
ಬಿಟ್ಟಲ್ಲಿಂದ ಹಿಡಿದಳು.

ಈಗ ಕಾಲಿನ ಮಾತು.
ಚೀಲ ಮೊದಲು ಗೋಡೆಗೊರಗಿ ಭದ್ರವಾಗಿತ್ತು.
ಅದನ್ನು ಹಿಮ್ಮಡಿಯಿಂದ ಒಂದು ಗೇಣು
ದಾರಿಗೆ ನೂಕಿದವನು ನಾನು,
ಮಂಡಿ ನೋಯುತ್ತಿತ್ತು ಅಂತ.
ಹೇಳಬೇಕೆಂದು ಬಾಯಿ ತೆರೆದೆ.
ಆಕಳಿಕೆ ಬಂತು. ದೇವರಾಣೆ, ನಿಜವಾದ ಆಕಳಿಕೆ.
ಬಾಯಿ ಮುಚ್ಚಿದೆ.

ಹುಡುಗ ಎದ್ದು ಹೋಗಿ ಮುಂದಿನ ಸೀಟಿನಲ್ಲಿ
ಕಿಟಕಿಗೆ ಮುಖ ಮಾಡಿ ಕೂತ.
ಬಹಳ ಹೊತ್ತು ಚಕ್ರದ ಸದ್ದು.
ಅಜ್ಜಿ ಸೆರಗಿಲ್ಲದ ಊರಿನವಳು,
ಕಾಲುಚೀಲದೊಳಗಿಂದ ಹತ್ತು ಲಾರಿ ತೆಗೆದಳು.
(ಲಾರಿ ಅಂದರೆ ಇಲ್ಲಿ ನೋಟು;
ಮಡಿಸಿದರೆ ಮುಷ್ಟಿಯಲ್ಲಿ ಹಿಡಿಸುತ್ತದೆ.)
‘ಮುಂದಕ್ಕೆ ಕೊಡಪ್ಪಾ,’ ಎಂದಳು. ನನಗೇ.
ಕೊಟ್ಟೆ. ನನ್ನದೊಂದು ಐದನ್ನು
ಅದರೊಳಗೆ ಮಡಿಸಿದರೆ ಯಾರಿಗೆ ತಿಳಿಯುತ್ತಿತ್ತು?
ಅಷ್ಟರಲ್ಲಿ ನೋಟು ನನ್ನ ಕೈ ಬಿಟ್ಟಿತ್ತು.

ಕೈಯಿಂದ ಕೈಗೆ ಹೋಯಿತು ನೋಟು,
ದಿನಾ ಹೋಗುವ ಹಾಗೆ, ಅಭ್ಯಾಸಬಲದಿಂದ,
ಹುಡುಗನ ಹೆಗಲು ದಾಟಿ
ನೇರ ಜುರಾಬನ ಅಂಗೈಗೆ.
ಜುರಾಬ್ ನೋಡದೆ ಇಸಕೊಂಡ,
ಆರು ಹಿಡಿದು ನಾಲ್ಕು ನಾಣ್ಯ ಹಿಂದಕ್ಕೆ ಕಳಿಸಿದ.
ಕೈಯಿಂದ ಕೈಗೆ ವಾಪಸು ಬಂತು ಚಿಲ್ಲರೆ.

‘ಅದು ಪ್ಯಾಂಟಿನ ದುಡ್ಡು ಕಣೋ!’
ಎಂದು ಅಜ್ಜಿ ಕೂಗಿದಾಗ
ಮೊದಲು ನಕ್ಕವನು ಹುಡುಗ.
ಹಣೆಯ ಬೊಟ್ಟು ಒಣಗಿ ಬಿರುಕು ಬಿಟ್ಟಿತ್ತು.
‘ಬಿಡಿ ಅಜ್ಜಿ,’ ಎಂದ, ‘ಬಾಗಿಲು ತೆರೆಯುವವನ
ಮಂಡಿ ಯಾರು ನೋಡುತ್ತಾರೆ?’
ಅಜ್ಜಿ ಕೇಳಲಿಲ್ಲ. ಜುರಾಬನೊಡನೆ ಈಗ ಹೊಸ ಜಗಳ,
ಆರು ಲಾರಿಯದು. ಕೋಳಿಯವಳು ಅದಕ್ಕೂ ಸೇರಿದಳು.

ನಾನು ಒಂದು ನಿಲ್ದಾಣ ಮುಂಚೆಯೇ ಇಳಿದೆ,
ಮಂಡಿ ನೋವಿದ್ದೂ.
ರಾತ್ರಿ ಬೂಟು ಬಿಚ್ಚುವಾಗ
ಹಿಮ್ಮಡಿಯ ರಬ್ಬರಿನಲ್ಲಿ ಗಾಜಿನ ಚೂರು,
ಅದರ ಬೆನ್ನಿಗೆ ಇಷ್ಟೇ ಇಷ್ಟು ಗೊಜ್ಜು.
ಬೆರಳಲ್ಲಿ ತೆಗೆದು, ಯಾರೂ ಇರಲಿಲ್ಲ,
ನಾಲಿಗೆಗೆ ಇಟ್ಟೆ.

ಉಪ್ಪು ಸರಿಯಾಗಿತ್ತು.